ಕೂರಾನ್: ಐರ್ಲೆಂಡಿನ ಕಂಪಿಗೊಂದು ಹೆಸರು

ಜಗತ್ತಿನ ಮೊದಲ ಸುಂಕಮುಕ್ತ ಅಂಗಡಿ 1947ರಲ್ಲಿ ಐರ್ಲೆಂಡಿನ ಶಾನನ್ ವಿಮಾನ ನಿಲ್ದಾಣದಲ್ಲಿ ಶುರುವಾಯಿತು. ಅದನ್ನು ತೆರೆದವರು ಬ್ರೆಂಡನ್ ಓ'ರೀಗನ್. ಇಂದು ಯಾವ ದೇಶದಲ್ಲಿ ಇಳಿದರೂ ಇಂಥ ಅಂಗಡಿಯ ಬಾಗಿಲಲ್ಲೇ ಪರ್ಫ್ಯೂಮಿನ ಘಮ ಮೂಗಿಗೆ ಬಡಿಯುತ್ತದೆ. ಆ ಸೀಸೆಯೊಳಗಿನ ದ್ರವವನ್ನು ಐರಿಶ್ ಭಾಷೆ ಕರೆಯುವುದು 'ಕೂರಾನ್' ಎಂದು.

ಪರ್ಫ್ಯೂಮ್ ಎಂಬ ಮಾತು ಹೊಗೆಯಿಂದ ಹುಟ್ಟಿದ್ದು. ಲ್ಯಾಟಿನ್ನಿನ 'ಫೂಮುಸ್' ಎಂದರೆ ಹೊಗೆ; ನಮ್ಮ 'ಧೂಮ'ವೂ ಅದೂ ಒಂದೇ ಬೇರಿನವು. ಫ್ರೆಂಚಿನಿಂದ ಈ ಮಾತು ಇಂಗ್ಲಿಷಿಗೆ ಬಂದ 16ನೇ ಶತಮಾನದಲ್ಲಿ, ಸುಟ್ಟ ಪರಿಮಳ ದ್ರವ್ಯದ ಹೊಗೆಗೇ ಆ ಹೆಸರಿತ್ತು. ಐರ್ಲೆಂಡಿಗೂ ಪರಿಮಳದ ಹೊಗೆ ಬಂದಿತ್ತು. 5ನೇ ಶತಮಾನದಿಂದ ಕ್ರೈಸ್ತಧರ್ಮ ಬೇರೂರಿದಾಗ ಚರ್ಚಿನ ಧೂಪಕ್ಕೆ ಲ್ಯಾಟಿನ್ನಿನ 'ಟೂಸ್' ಪದವನ್ನೇ ಅಲ್ಲಿನ ಜನ 'ಟೂಶ್' ಎಂದು ತಮ್ಮದಾಗಿಸಿಕೊಂಡರು. ಶಿಶು ಯೇಸುವಿಗೆ ಜ್ಞಾನಿಗಳು ತಂದ ಧೂಪ ಐರಿಶ್ ಬೈಬಲಿನಲ್ಲಿ ಇಂದಿಗೂ ಟೂಶ್.

ಸುಗಂಧದ್ರವ್ಯಕ್ಕೆ ಮಾತ್ರ ಅವರು ತಮ್ಮ ಮನೆಯ ಮಾತನ್ನೇ ಹಿಡಿದರು. 'ಕೂರ' ಎಂದರೆ ಕಂಪುಳ್ಳದ್ದು, ಸವಿಯಾದದ್ದು. ಹಳೆಯ ಬರಹಗಳಲ್ಲಿ ಸೇಬಿನ ಮರಕ್ಕೆ ಈ ವಿಶೇಷಣ ಅಂಟಿಕೊಂಡೇ ಬರುತ್ತದೆ. ಪದದ ನಡುವೆ ಒಂದು ಮಕಾರವಿತ್ತು. ಬರಹದಲ್ಲಿ ಅದು ಈಗಲೂ ಇದೆ. ಮಾತಿನಲ್ಲಿ ಸವೆದು, ಹಿಂದಿನ ಉಕಾರವನ್ನು ದೀರ್ಘ ಮಾಡಿ ಮರೆಯಾಗಿದೆ. ಇದಕ್ಕೆ 'ಆನ್' ಪ್ರತ್ಯಯ ಸೇರಿದರೆ ಗುಣ ಹೋಗಿ ವಸ್ತು ಬರುತ್ತದೆ. 'ಮಿಲಿಶ್' ಅಂದರೆ ಸಿಹಿ, 'ಮಿಲ್ಶಾನ್' ಅಂದರೆ ಮಿಠಾಯಿ. 'ಆರ್ಡ್' ಎತ್ತರ, 'ಆರ್ಡಾನ್' ವೇದಿಕೆ. ಹಾಗೆಯೇ ಕೂರಾನ್. ಎಷ್ಟು ಸರಳ, ಎಷ್ಟು ಸೊಗಸು!

ಶಾನನ್ ಇರುವ ಕ್ಲೇರ್ ಕೌಂಟಿಯಲ್ಲೇ ಬರೆನ್ ಎಂಬ ಸುಣ್ಣಕಲ್ಲಿನ ಸೀಮೆಯಿದೆ. ಹೆಸರಿನ ಅರ್ಥವೇ ಕಲ್ಲುನೆಲ. ಅಲ್ಲಿ ಬಂಡೆಯ ಬಿರುಕುಗಳಲ್ಲಿ ಉತ್ತರಧ್ರುವದ ಕಡೆಯ ಹೂವೂ ಮೆಡಿಟರೇನಿಯನ್ ತೀರದ ಹೂವೂ ಅಕ್ಕಪಕ್ಕ ಅರಳುತ್ತವೆ. ಅವುಗಳ ನಡುವೆ, ಕ್ಯಾರನ್ ಊರಿನ ಬಳಿ, ಸುಗಂಧ ತಯಾರಿಸುವ ಒಂದು ಪುಟ್ಟ ಘಟಕವೂ ಇದೆ.

ನಮ್ಮಲ್ಲಿ ಸೀಸೆಯೊಳಗಿನದಕ್ಕೆ ಅರಬ್ಬಿಯಿಂದ ಬಂದ ಅತ್ತರು ಇದೆ, ಇಂಗ್ಲಿಷಿನ ಸೆಂಟು ಇದೆ. (ಇಂಗ್ಲಿಷಿನವರು ಆ ಪದದೊಳಗೆ 17ನೇ ಶತಮಾನದಲ್ಲಿ ಸುಮ್ಮನೆ ಒಂದು 'ಸಿ' ತುರುಕಿದರು, ಕನ್ನಡದ ಸೆಂಟಿಗೆ ಆ ಹೊರೆಯಿಲ್ಲ.) ಇವೆರಡೂ ಈಗ ನಮ್ಮವೇ, ಬಿಡಬೇಕಿಲ್ಲ. ಆದರೆ ತಮಿಳಿನ 'ಕಮೞ್' ಜೊತೆ ಒಂದೇ ಬಳ್ಳಿಯಲ್ಲಿ ಹುಟ್ಟಿದ 'ಕಂಪು' ಎಂಬ ಅಚ್ಚಗನ್ನಡ ಪದವನ್ನು ನಾವು ಕವಿತೆಗೆ ಮೀಸಲಿಟ್ಟು ಕೂತಿದ್ದೇವೆ. ಗಂಧದೆಣ್ಣೆ, ಮಲ್ಲಿಗೆ ಸುಗಂಧ ಮಾರುವ ನಮ್ಮ ತಯಾರಕರು ಸೀಸೆಯ ಚೀಟಿಯ ಮೇಲೆ ಒಮ್ಮೆ 'ಕಂಪು' ಎಂದು ಅಚ್ಚು ಹಾಕಿಸಲಿ. ಕೊಳ್ಳುವವರು ಅಂಗಡಿಯಲ್ಲಿ ಆ ಹೆಸರಿನಲ್ಲೇ ಕೇಳಲಿ.