ಮನೋರೋಗದ ಚಿಕಿತ್ಸೆ: ಖರ್ಚು ಎಲ್ಲಿಂದ, ವಿಮೆ ಎಲ್ಲಿಯವರೆಗೆ?

ಕಾಫಿ ಕೊಯ್ಲಿಗೆಂದು ಯಲಬುರ್ಗಾ ಕಡೆಯ ಒಂದು ಕುಟುಂಬ ಕೆಲವು ವರ್ಷಗಳಿಂದ ನಮ್ಮ ತೋಟಕ್ಕೆ ಬರುತ್ತಿದೆ. ಎರಡು ವರ್ಷದ ಹಿಂದಿನ ಕೊಯ್ಲಿನಲ್ಲಿ ಆ ಮನೆಯ ಯಜಮಾನ ನಾಲ್ಕೈದು ರಾತ್ರಿ ನಿದ್ರೆಯಿಲ್ಲದೆ ಲೈನಿನ ಮುಂದೆ ಅಡ್ಡಾಡಿದ. ಊಟ ಬಿಟ್ಟ. ಯಾರೋ ತನ್ನನ್ನು ಹುಡುಕಿಕೊಂಡು ಬರುತ್ತಿದ್ದಾರೆಂದು ಹೆದರಿದ. ವಿಚಾರಿಸಿದಾಗ ಹೆಂಡತಿ ವಿಷಯ ಬಿಡಿಸಿ ಹೇಳಿದಳು. ಹಿಂದೆಯೂ ಒಮ್ಮೆ ಹೀಗಾಗಿ, ಖಾಸಗಿ ವೈದ್ಯರಿಗೆ ತೋರಿಸಿ, ಗುಣ ಕಂಡಿತ್ತು. ಆದರೆ ತಿಂಗಳು ತಿಂಗಳೂ ಫೀ, ಮಾತ್ರೆ, ಬಸ್ ಚಾರ್ಜು ಎಂದು ಕೈ ಖಾಲಿಯಾದಾಗ ಮಾತ್ರೆ ನಿಲ್ಲಿಸಿದ್ದರು. ಕೊನೆಗೆ ಆಕೆ ಚೀಲದಿಂದ ಒಂದು ಕಾರ್ಡು ತೆಗೆದು ತೋರಿಸಿ, "ಈ ಕಾರ್ಡು ಇದಕ್ಕ ನಡಿತೈತೇನ್ರಿ, ಸಾವ್ಕಾರ್ರ?" ಎಂದು ಕೇಳಿದಳು.

ನನಗೆ ಉತ್ತರ ತಿಳಿದಿರಲಿಲ್ಲ. ಇದು ಆಳುಮಕ್ಕಳ ಮನೆಯ ಪ್ರಶ್ನೆ ಮಾತ್ರವೂ ಅಲ್ಲ. ಕೊಳೆರೋಗ, ಧಾರಣೆಯ ಕುಸಿತ, ಸಾಲದ ಕಂತು ಇವುಗಳ ನಡುವೆ ನಮ್ಮ ನಿಮ್ಮ ಮನೆಗಳಲ್ಲೂ ನಿದ್ರೆ ಕೆಟ್ಟವರು, ಮಂಕು ಕವಿದವರು ಇದ್ದಾರೆ. ಆದುದರಿಂದ ವಿಚಾರಿಸಿ ತಿಳಿದುದನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ಖರ್ಚಿನ ಸ್ವರೂಪ

ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ. ಆಪರೇಷನ್ನಿನ ಖರ್ಚು ಒಂದೇ ಸಲ ಬಂದು ಮುಗಿಯುತ್ತದೆ. ಮನೋರೋಗದ ಖರ್ಚು ಹಾಗಲ್ಲ. ಹೆಚ್ಚಿನವರಿಗೆ ಆಸ್ಪತ್ರೆ ಸೇರುವ ಪ್ರಮೇಯವೇ ಬರುವುದಿಲ್ಲ. ವೈದ್ಯರ ಭೇಟಿ, ಮಾತ್ರೆ, ಆಪ್ತಸಮಾಲೋಚನೆ ಇವಿಷ್ಟೇ ತಿಂಗಳುಗಟ್ಟಲೆ ನಡೆಯಬೇಕು. ಮಳೆಗಾಲದಲ್ಲಿ ಅಡಕೆಗೆ ಒಂದು ಸಲ ಬೋರ್ಡೋ ಹೊಡೆದು ಎರಡನೆಯದನ್ನು ಬಿಟ್ಟರೆ ಏನಾಗುತ್ತದೆಂಬುದು ನಮಗೆಲ್ಲ ಗೊತ್ತು. ಇಲ್ಲಿಯೂ ಅಷ್ಟೆ.

ವಿಮೆಯಾದರೋ ಬಹುಪಾಲು ಆಸ್ಪತ್ರೆ ಸೇರಿದ ಒಳರೋಗಿಗೆ ಮಾತ್ರ ಹಣ ಕೊಡುತ್ತದೆ. ಆದ್ದರಿಂದ ತಿಂಗಳ ಖರ್ಚಿಗೆ ಒಂದು ದಾರಿ, ಆಸ್ಪತ್ರೆ ಸೇರಬೇಕಾಗಿ ಬಂದರೆ ಇನ್ನೊಂದು ದಾರಿ ಎಂದು ಎರಡನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಬೇಕು.

ತಿಂಗಳ ಮಾತ್ರೆಗೆ ಸರ್ಕಾರಿ ಆಸ್ಪತ್ರೆ

ಈ ದಾರಿ ಹುಟ್ಟಿದ್ದು ಕೊಪ್ಪಳದ ನೆರೆಯಲ್ಲೇ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಗಳಿಂದ ಹಳ್ಳಿಯ ಹತ್ತಿರವೇ ಮನೋರೋಗಕ್ಕೆ ಚಿಕಿತ್ಸೆ ಕೊಡಬಹುದೆಂದು ಅದು ತೋರಿಸಿತು. ಇದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಈಗ ಈ ಕಾರ್ಯಕ್ರಮ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿದೆ. 2014ರಲ್ಲಿ ಆರಂಭವಾದ ಮನೋಚೈತನ್ಯ ಯೋಜನೆಯಂತೆ ಗೊತ್ತುಪಡಿಸಿದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರ ಭೇಟಿ ಇರುತ್ತದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಹೆಚ್ಚಿನ ತಪಾಸಣೆಗೆ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅದಕ್ಕೂ ಮೀರಿದರೆ ಧಾರವಾಡದ ಡಿಮ್ಹಾನ್ಸ್ ಇದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಖರ್ಚೂ ಇಲ್ಲ.

ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಚಿಕಿತ್ಸೆ ಉಚಿತವೆಂಬುದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ಮಾತು. ಕಾರ್ಡು ಕೈಯಲ್ಲಿ ಇಲ್ಲದಿದ್ದರೂ ಆ ಹಕ್ಕು ಇದೆ. ಮಾತನಾಡಿ ಸಲಹೆ ಪಡೆಯಬೇಕೆನ್ನುವವರಿಗೆ 14416 ಸಂಖ್ಯೆಯ ಟೆಲಿ ಮಾನಸ್ ಇದೆ. 2022ರಿಂದ ನಡೆಯುತ್ತಿರುವ ಈ ಸೇವೆ ಹಗಲೂ ರಾತ್ರಿಯೂ ಕನ್ನಡದಲ್ಲಿ ಉಚಿತ. ಹೊರಗೆ ಮಾತ್ರೆ ಕೊಳ್ಳಲೇಬೇಕಾದರೆ ಜನೌಷಧಿ ಅಂಗಡಿಯಲ್ಲಿ ಬೆಲೆ ಕಡಿಮೆ.

ಆಸ್ಪತ್ರೆ ಸೇರಬೇಕಾದಾಗ

ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ದೊರೆಯುತ್ತದೆ. ಆಯುಷ್ಮಾನ್ ಭಾರತದ ಚಿಕಿತ್ಸೆಗಳ ಪಟ್ಟಿಯಲ್ಲಿ ಮನೋರೋಗದ ಒಳರೋಗಿ ಚಿಕಿತ್ಸೆಯೂ ಸೇರಿದೆ. ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು ವಿಚಾರಿಸುವುದು ಒಳ್ಳೆಯದು.

ಸಹಕಾರ ಸಂಘಗಳ ಸದಸ್ಯರಾದ ನಮಗೆ ಯಶಸ್ವಿನಿ ಚಿರಪರಿಚಿತ. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ, 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಮರು ಜಾರಿಯಾದಾಗ ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ ವಂತಿಗೆ 500 ರೂಪಾಯಿ, ವಾರ್ಷಿಕ ಮಿತಿ 5 ಲಕ್ಷ ಎಂದಿತ್ತು. ಕಟ್ಟಬೇಕಾದದ್ದೇ, ಆದರೆ ಇದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗಾಗಿ ಹುಟ್ಟಿದ ಯೋಜನೆ. ತಿಂಗಳ ಮಾತ್ರೆಗೆ, ಆಪ್ತಸಮಾಲೋಚನೆಗೆ ಇದನ್ನು ನೆಚ್ಚಿ ಕೂರಬಾರದು.

ಖಾಸಗಿ ಪಾಲಿಸಿ ಇದ್ದವರಿಗೆ

ಮೇಲೆ ಹೇಳಿದ ಕಾಯಿದೆ 2018ರ ಮೇ 29ರಂದು ಜಾರಿಗೆ ಬಂತು. ದೈಹಿಕ ಕಾಯಿಲೆಗೆ ಇರುವ ರೀತಿಯಲ್ಲೇ ಮನೋರೋಗಕ್ಕೂ ವಿಮೆ ಇರಬೇಕೆಂದು ಅದರ 21ನೆಯ ಪ್ರಕರಣ ಹೇಳುತ್ತದೆ. 2021ರ ಏಪ್ರಿಲ್‌ನಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯವೂ ಈ ಮಾತನ್ನು ಎತ್ತಿಹಿಡಿಯಿತು. ಹಾಗಿದ್ದರೂ ಪಾಲಿಸಿ ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳು ಇವು:

1. ಹೊರರೋಗಿ ಚಿಕಿತ್ಸೆಗೆ ಹಣ ಉಂಟೆ? ಬಹುಪಾಲು ಪಾಲಿಸಿಗಳಲ್ಲಿ ಇಲ್ಲ. ಇದ್ದರೆ ಎಷ್ಟು ಎಂದು ಬರಹದಲ್ಲಿ ನೋಡಿ.

2. ಮೊದಲೇ ಇದ್ದ ಕಾಯಿಲೆಗೆ ಎಷ್ಟು ವರ್ಷ ಕಾಯಬೇಕು? 2024ರ ನಿಯಮದಂತೆ ಇದು ಮೂರು ವರ್ಷ ಮೀರುವಂತಿಲ್ಲ.

3. ಹಿಂದೆ ತೆಗೆದುಕೊಂಡ ಚಿಕಿತ್ಸೆಯನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ಅರ್ಜಿಯಲ್ಲಿ ಮುಚ್ಚಿಟ್ಟದ್ದು ಹಣ ಕೇಳುವಾಗ ಹೊರಬಿದ್ದರೆ ಕಟ್ಟಿದ ಪ್ರೀಮಿಯಂ ನೀರಿನಲ್ಲಿ ಹೋಮ ಮಾಡಿದಂತೆ.

4. ಕಂಪನಿ ಹಣ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಮೊದಲು ಕಂಪನಿಗೆ ದೂರು ಕೊಟ್ಟು, ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಮಕ್ಕಳಿಗಾಗಿ

ಆಟಿಸಂ, ಸೆರಿಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಅಥವಾ ಬಹುವಿಧ ಅಂಗವೈಕಲ್ಯವುಳ್ಳವರಿಗೆ ಕೇಂದ್ರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಇದೆ. ಮಿತಿ 1 ಲಕ್ಷ ರೂಪಾಯಿ. ಹೊರರೋಗಿ ಚಿಕಿತ್ಸೆಗೂ, ನಿಯಮಿತವಾಗಿ ಕೊಡಿಸುವ ಥೆರಪಿಗೂ ಇದರಲ್ಲಿ ಅವಕಾಶವಿರುವುದು ವಿಶೇಷ. ಅಂಗವೈಕಲ್ಯ ಪ್ರಮಾಣಪತ್ರ ಅಗತ್ಯ.

ನಮ್ಮ ಪಾಲಿನ ಕೆಲಸ

ಯಲಬುರ್ಗಾದ ಆ ತಾಯಿಗೆ ಕೊಡಬೇಕಾಗಿದ್ದ ಉತ್ತರ ಇಷ್ಟು: "ಆಸ್ಪತ್ರೆಗೆ ಸೇರಿಸಬೇಕಾದರೆ ಕಾರ್ಡು ಹಿಡಿದು ಹೋಗು. ತಿಂಗಳ ಮಾತ್ರೆಗೆ ಕಾರ್ಡು ಬೇಡ, ತಾಲ್ಲೂಕು ಆಸ್ಪತ್ರೆಗೆ ಹೋಗು." ತಡವಾಗಿಯಾದರೂ ಹೇಳಿದೆ. ಇಲ್ಲಿಯ ವೈದ್ಯರು ಕಾಯಿಲೆ ಮತ್ತು ಔಷಧದ ಹೆಸರು, ಪ್ರಮಾಣಗಳನ್ನು ಬರೆದುಕೊಟ್ಟ ಚೀಟಿ ಹಿಡಿದು ಊರಿಗೆ ಹೋದ ಆತನಿಗೆ ಈಗ ಅಲ್ಲಿಯೇ ಮಾತ್ರೆ ಸಿಗುತ್ತಿದೆ.

ಕಷ್ಟವಿರುವುದು ಕೊಯ್ಲಿನ ತಿಂಗಳುಗಳಲ್ಲಿ. ಊರಿನಿಂದ ತಂದ ಮಾತ್ರೆ ಕೊಯ್ಲು ಮುಗಿಯುವ ಮುನ್ನವೇ ತೀರುತ್ತದೆ. ಹೋದ ಕೊಯ್ಲಿನಲ್ಲಿ ಆತ ಅದೇ ಚೀಟಿ ತೋರಿಸಿ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಪಡೆದ. ಅದಕ್ಕಾಗಿ ನಾನು ಮಾಡಬೇಕಾದದ್ದು ಹೆಚ್ಚೇನೂ ಇರಲಿಲ್ಲ: ಹಣ್ಣು ಉದುರುತ್ತಿದ್ದರೂ ಆ ಮಂಗಳವಾರ ಅವನಿಗೆ ರಜೆ ಕೊಡುವುದು, ಆ ದಿನದ ಕೂಲಿ ಹಿಡಿಯದಿರುವುದು. ನಮ್ಮ ಸದಸ್ಯರು ಇಷ್ಟನ್ನಾದರೂ ನಡೆಸಿಕೊಡಬೇಕೆಂದು ವಿನಂತಿ.