ಶಾಲೆಯ ಗಂಟೆ, ಕಚೇರಿಯ ಗಂಟೆ

ಜೂನ್ ತಿಂಗಳು ಬಂತೆಂದರೆ ಅಹಮದಾಬಾದು, ವಡೋದರಾ, ಸೂರತ್ತುಗಳ ಕನ್ನಡಿಗರ ಮನೆಗಳಲ್ಲಿ ಹೊಸ ಪುಸ್ತಕಗಳ ಸಂಭ್ರಮದೊಡನೆ ಒಂದು ಹಳೆಯ ಚಿಂತೆಯೂ ಕಾಲಿಡುತ್ತದೆ. ಇಲ್ಲಿಯ ಎಷ್ಟೋ ಶಾಲೆಗಳು ಎರಡು ಪಾಳಿಗಳಲ್ಲಿ ನಡೆಯುತ್ತವೆ. ಬೆಳಗಿನ ಪಾಳಿಯ ಮಗು ಮಧ್ಯಾಹ್ನವೇ ಮನೆಗೆ ಬರುತ್ತದೆ. ತಂದೆತಾಯಿ ಬರುವುದು ದೀಪ ಹಚ್ಚುವ ಹೊತ್ತಿಗೆ. ನಡುವಿನ ತಾಸುಗಳಲ್ಲಿ ಮಗುವಿಗೆ ಯಾರು ಗತಿ? ಊರಿನಲ್ಲಾದರೆ ಅಜ್ಜಿಯಿದ್ದಳು, ದೊಡ್ಡಮ್ಮನಿದ್ದಳು. ಇಲ್ಲಿ ನೆರೆಮನೆಯ 'ಬಾ' ಎಷ್ಟೇ ಒಳ್ಳೆಯವರಾದರೂ ನಿತ್ಯ ಅವರ ಮೇಲೆ ಭಾರ ಹೊರಿಸಲಾದೀತೆ? ಕೊನೆಗೆ ಓದಿದ ತಾಯಿ ನೌಕರಿಗೆ ರಾಜೀನಾಮೆ ಬರೆಯುತ್ತಾಳೆ. ಮನೆಯ ಒಂದು ಪಗಾರ ನಿಲ್ಲುತ್ತದೆ. ಕಚೇರಿ ನುರಿತ ಕೈಯೊಂದನ್ನು ಕಳೆದುಕೊಳ್ಳುತ್ತದೆ.

ಕಾಯಿದೆ ಏನೂ ಮಾಡಿಲ್ಲವೆನ್ನುವಂತಿಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ ಮೊದಲಿನ ಎರಡು ಮಕ್ಕಳಿಗೆ 26 ವಾರಗಳಾಯಿತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಗೃಹ ಕಡ್ಡಾಯವಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನೇ ಹೇಳುತ್ತದೆ. ಆದರೆ ಆ ಗೃಹ 6 ವರ್ಷದೊಳಗಿನ ಮಕ್ಕಳಿಗೆ. ಮಗು ಶಾಲೆಗೆ ಹೊರಟಿತೆಂದರೆ ಕಾಯಿದೆಯ ಕೈ ಬಿಟ್ಟುಹೋಗುತ್ತದೆ.

ಕೇಂದ್ರ ಸರಕಾರದ ನೌಕರಿಯಲ್ಲಿರುವ ತಾಯಂದಿರಿಗೆ 2008ರಿಂದ ಸೇವಾವಧಿಯಲ್ಲಿ 730 ದಿನಗಳ ಮಕ್ಕಳ ಪಾಲನಾ ರಜೆಯಿದೆ. ಪರೀಕ್ಷೆಯ ಕಾಲಕ್ಕೂ ಅದನ್ನು ಪಡೆಯಬಹುದು. ಆದರೆ ಒಂದು ಸಲಕ್ಕೆ ಕನಿಷ್ಠ 5 ದಿನ ತೆಗೆದುಕೊಳ್ಳಬೇಕು. ಒಂದು ತಾಸಿನ ಪಾಲಕರ ಸಭೆಗೆ ಅದು ಒದಗದು. ಪುರುಷರಲ್ಲಿ ಒಂಟಿ ತಂದೆಗೆ ಮಾತ್ರ ಈ ರಜೆಯುಂಟು. ಮಗುವಿನ ಓದು ತಾಯಿಯೊಬ್ಬಳ ಹೊಣೆಯೆಂದು ನಿಯಮವೇ ಬಗೆದಂತಿದೆ.

ಕಚೇರಿಯ ಕಾರಕೂನರಾದ ನಾವು ರಜೆಯ ಅರ್ಜಿಗಳ ನಡುವೆಯೇ ಬಾಳುವವರು. ದೊಡ್ಡ ರಜೆಗಿಂತ ಸಣ್ಣ ಸವಲತ್ತು ಹೆಚ್ಚು ಸಂಸಾರಗಳನ್ನು ಕಾಯುತ್ತದೆಂದು ನಮಗೆ ತೋರುತ್ತದೆ. ಮಾಲಿಕರು ಹೀಗೆ ಮಾಡಬಹುದು: ಜೂನಿನಲ್ಲೇ ನೌಕರರಿಂದ ಮಕ್ಕಳ ಶಾಲೆಯ ವೇಳಾಪಟ್ಟಿ ಕೇಳಿಕೊಂಡು, ಅದನ್ನು ನೋಡಿ ಕೆಲಸದ ಪಾಳಿ ಹಂಚಬಹುದು. ಪಾಲಕರ ಸಭೆಗೆ ಎರಡು ತಾಸು ಬಿಟ್ಟು, ಬೇರೊಂದು ದಿನ ಆ ಕೆಲಸ ತುಂಬಿಸಿಕೊಳ್ಳಬಹುದು. ಪರೀಕ್ಷೆಯ ವಾರಗಳಲ್ಲಿ ಹೆಚ್ಚುವರಿ ಕೆಲಸ ತಪ್ಪಿಸಬಹುದು. ಮೇ ತಿಂಗಳ ಸೂಟಿಗೆ ಊರಿಗೆ ಹೋಗುವವರ ರಜೆಯನ್ನು ರೈಲು ಟಿಕೆಟು ಸಿಗುವಷ್ಟು ಮುಂಚೆಯೇ ಮಂಜೂರು ಮಾಡಬಹುದು. ಇದಕ್ಕೆಲ್ಲ ಬೇಕಾದುದು ಹಣವಲ್ಲ, ಮುಂದಾಲೋಚನೆ.

ಗುಜರಾತಿನ ನೆಲಕ್ಕೆ ಇದು ಹೊಸ ವಿಚಾರವಲ್ಲ. 1920ರಲ್ಲಿ ಮಜೂರ್ ಮಹಾಜನ ಸಂಘ ಕಟ್ಟಿದ ಅನಸೂಯಾ ಸಾರಾಭಾಯಿಯವರು ಅದಕ್ಕೂ ಮೊದಲೇ ಗಿರಣಿ ಕೆಲಸಗಾರರ ಮಕ್ಕಳಿಗೆ ಶಾಲೆ ತೆರೆದಿದ್ದರು. 1972ರಲ್ಲಿ ಇಳಾ ಭಟ್ಟರು ಸ್ಥಾಪಿಸಿದ 'ಸೇವಾ' ಸಂಘಟನೆ, ದುಡಿಯುವ ತಾಯಂದಿರ ಕೆಲಸದ ವೇಳೆಗೆ ಹೊಂದುವ ಬಾಲವಾಡಿಗಳನ್ನು ಅಹಮದಾಬಾದಿನಲ್ಲಿ ನಡೆಸುತ್ತ ಬಂದಿದೆ. ಕೂಲಿಯ ತಾಯಿಗೆ ಸಾಧ್ಯವಾದದ್ದು ಕಚೇರಿಯ ತಾಯಿಗೇಕೆ ಸಾಧ್ಯವಾಗಬಾರದು?

ಕೇಳುವ ಕೆಲಸ ಮಾತ್ರ ನಮ್ಮದೇ. ತಂದೆಯಾದವನೂ ಸಂಕೋಚ ಬಿಟ್ಟು ಮಗುವಿಗಾಗಿ ಎರಡು ತಾಸು ಕೇಳಲಿ. ಒಂದೇ ಕಚೇರಿಯ ನಾಲ್ಕು ಮಂದಿ ಸೇರಿ ಬರೆದ ಅರ್ಜಿಗೆ ಒಬ್ಬರ ಅರ್ಜಿಗಿಂತ ತೂಕ ಹೆಚ್ಚು. ನಮ್ಮ ಸಂಘದ ಸೋದರಿಯರು ಬಡಾವಣೆಗೊಂದು ಮನೆಯಲ್ಲಿ ಸರದಿಯಂತೆ ಮಧ್ಯಾಹ್ನದ ಮಕ್ಕಳನ್ನು ನೋಡಿಕೊಂಡರೆ, ಆ ಮಕ್ಕಳಿಗೆ ಊಟದ ಜೊತೆಗೆ ನಾಲ್ಕು ಕನ್ನಡ ಮಾತುಗಳೂ ದೊರೆತಾವು.