ದನಿಯ ಬಿಸಿಗೆ ತಣ್ಣೀರು

ಚುಂಚನಕಟ್ಟೆಗೆ ಅನತಿದೂರದ ಒಂದು ಗ್ರಾಮ. ಸುಗ್ಗಿ ಮುಗಿದು ಭತ್ತ ಮನೆ ಸೇರಿದೊಡನೆ ಊರಿನ ತರುಣರಿಗೆ ಬಣ್ಣ ಹಚ್ಚುವ ಹಂಬಲ ಹುಟ್ಟುವುದು ಕೃಷ್ಣರಾಜನಗರ ಸೀಮೆಯ ಹಳೆಯ ವಾಡಿಕೆ. ಅಂದು ಕುರುಕ್ಷೇತ್ರ ನಾಟಕ. ದುರ್ಯೋಧನ ಗದೆಯನ್ನು ಹೆಗಲಿಗೇರಿಸಿ, ಮೀಸೆ ತಿರುವಿ, ಕಂದಪದ್ಯಕ್ಕೆಂದು ಬಾಯಿ ತೆರೆದ. ಧ್ವನಿವರ್ಧಕ ಒಮ್ಮೆ ಗೊರಗುಟ್ಟಿ ಮೌನ ತಾಳಿತು. ಹಾರ್ಮೋನಿಯಂ ಮಾತ್ರ ಬಡಪಾಯಿಯಂತೆ ಗುಂಯ್‌ಗುಡುತ್ತಿತ್ತು. ಸಭಿಕರ ಸಿಳ್ಳು ಮುಗಿಲು ಮುಟ್ಟಿತು.

ಆ ಆಂಪ್ಲಿಫೈಯರನ್ನು ಸ್ವತಃ ಕಟ್ಟಿದವನು ಹುಣಸೂರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿಟ್ಟಿರುವ ನನ್ನ ಸ್ನೇಹಿತ. ಅವನು ರಂಗಸ್ಥಳದ ಹಿಂದಕ್ಕೆ ಓಡಿ ಪೆಟ್ಟಿಗೆಯ ಬೆನ್ನಿಗೆ ಕೈಯಿಟ್ಟ. ಇಟ್ಟ ವೇಗದಲ್ಲೇ ಹಿಂದೆಗೆದ. ಅಂಗೈ ಬೊಬ್ಬೆಯೆದ್ದಿತ್ತು. ಒಳಗೆ ಟ್ರಾನ್ಸಿಸ್ಟರುಗಳು ಸುಟ್ಟುಹೋಗಿದ್ದವು. ಅಂದಿನ ಬಾಡಿಗೆಯಂತೂ ಹೋಯಿತು; ಪಿರಿಯಾಪಟ್ಟಣದ ಕಡೆಯ ಎರಡು ನಾಟಕಗಳೂ, ಹೆಗ್ಗಡದೇವನಕೋಟೆಯ ಕಡೆಯ ಒಂದು ಮದುವೆಯೂ ಕೈತಪ್ಪಿದವು. ಸಂಸಾರಸ್ಥನಿಗೆ ಇದು ಸಣ್ಣ ಪೆಟ್ಟಲ್ಲ.

ಮರುದಿನ ಅವನು ತನ್ನ ನಿರ್ಧಾರವನ್ನು ತಿಳಿಸಿದ: “ಇನ್ನು ಫ್ಯಾನನ್ನು ನಂಬುವುದಿಲ್ಲ, ಮೇಷ್ಟ್ರೇ. ನೀರು ಹಾಯಿಸಿ ತಣಿಸುತ್ತೇನೆ. ಲಾರಿಯ ಎಂಜಿನ್ನೇ ನೀರಿನಿಂದ ತಣಿಯುವಾಗ ಇದೇನು ಮಹಾ?”

ವಿದ್ಯುತ್ತೂ ನೀರೂ ಒಂದೇ ಪೆಟ್ಟಿಗೆಯಲ್ಲಿ! ಕನ್ನಡ ಪಾಠ ಹೇಳುವ ನನಗೆ ಎದೆ ಧಸಕ್ಕೆಂದಿತು. ಆ ಭಯವೇ ನನ್ನನ್ನು ಈ ವಿಷಯವನ್ನು ಓದಿ ತಿಳಿಯುವಂತೆ ಮಾಡಿತು.

ಬಿಸಿ ಎಲ್ಲಿಂದ ಬಂತು?

ಧ್ವನಿಯನ್ನು ಹಿಗ್ಗಿಸುವ ಯಂತ್ರ ಬಿಸಿಯಾಗುವುದೇಕೆ? ಟ್ರಾನ್ಸಿಸ್ಟರೆಂಬುದು ಕಾಲುವೆಯ ತೂಬಿನ ಹಾಗೆ. ಹಾಡುವವನ ಕ್ಷೀಣವಾದ ಸಂಕೇತಕ್ಕೆ ತಕ್ಕಂತೆ ಅದು ಬಲವಾದ ವಿದ್ಯುತ್ ಪ್ರವಾಹವನ್ನು ತಡೆದು ತಡೆದು ಬಿಡುತ್ತದೆ. ತಡೆದುದರ ಶಕ್ತಿ ಎಲ್ಲಿಗೂ ಮಾಯವಾಗದು, ಶಾಖವಾಗಿ ನಿಲ್ಲುತ್ತದೆ.

500 ವಾಟ್ ಸಾಮರ್ಥ್ಯದ ಹಳೆಯ ಮಾದರಿಯ ಆಂಪ್ಲಿಫೈಯರು ಧ್ವನಿಪೆಟ್ಟಿಗೆಗೆ 200 ವಾಟ್ ಕಳುಹಿಸುತ್ತಿರುವಾಗ ಹೆಚ್ಚುಕಡಮೆ ಅಷ್ಟೇ ಶಾಖವನ್ನೂ ಹುಟ್ಟಿಸುತ್ತದೆ. ಸದ್ದು ತಗ್ಗಿಸಿದರೆ ಬಿಸಿಯೂ ತಗ್ಗೀತೆಂದು ನಾವು ಭಾವಿಸುತ್ತೇವಷ್ಟೆ? ಅದೂ ಪೂರ್ಣ ನಿಜವಲ್ಲ. ಹೊರಗೆ 60 ವಾಟ್ ಮಾತ್ರ ಹೋಗುತ್ತಿರುವಾಗಲೂ ಒಳಗೆ 160 ವಾಟ್‌ಗಳಷ್ಟು ಶಾಖ ಉಳಿಯುತ್ತದೆ.

ರಿಪೇರಿಯವರಿಗೆಲ್ಲ ಚಿರಪರಿಚಿತವಾದ 2ಎನ್3055 ಎಂಬ ಟ್ರಾನ್ಸಿಸ್ಟರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಕವಚ 25 ಡಿಗ್ರಿಯಲ್ಲಿದ್ದರೆ 115 ವಾಟ್ ಶಾಖವನ್ನು ತಾಳಬಲ್ಲುದು. ಕವಚ 100 ಡಿಗ್ರಿಗೇರಿದರೆ ಆ ತಾಳ್ಮೆ 66 ವಾಟ್‌ಗೆ ಇಳಿಯುತ್ತದೆ. ಬಿಸಿಯಾದಷ್ಟೂ ಬಿಸಿಯನ್ನು ಸಹಿಸುವ ಶಕ್ತಿ ಕುಗ್ಗುತ್ತದೆ. ದುರ್ಯೋಧನನ ದನಿ ಅಡಗಿದ ರಹಸ್ಯ ಇದೇ.

ಹಿಂದಿನವರು ಮಾಡಿದ್ದೇನು?

ಮನೆಯಲ್ಲೇ ಯಂತ್ರ ಕಟ್ಟುವ ಹುಚ್ಚು ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಪ್ರೇಷಕದ ಸಾಮರ್ಥ್ಯ ಕೇವಲ 30 ವಾಟ್. ಮುಂದೆ ಇಡೀ ದೇಶದ ಬಾನುಲಿಗೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮೊದಲು ಸಂದದ್ದು ಆ ಪುಟ್ಟ ಕೇಂದ್ರಕ್ಕೆ. 30 ವಾಟ್‌ನ ಬಿಸಿಗೆ ಸುತ್ತಲಿನ ಗಾಳಿಯೇ ಸಾಕು. ನೀರಿನ ಹಂಗೇ ಇಲ್ಲ.

ಅದಕ್ಕೆ ಒಂದು ವರ್ಷ ಮೊದಲು, 1934ರಲ್ಲಿ, ಅಮೆರಿಕದ ಸಿನ್ಸಿನಾಟಿಯ ಡಬ್ಲ್ಯು.ಎಲ್.ಡಬ್ಲ್ಯು. ಕೇಂದ್ರ 500 ಕಿಲೋವಾಟ್ ಸಾಮರ್ಥ್ಯದಿಂದ ಪ್ರಸಾರ ಮಾಡತೊಡಗಿತ್ತು. ಅಲ್ಲಿ ಗಾಳಿ ಸಾಲದಾಯಿತು. ದೊಡ್ಡ ವಾಲ್ವುಗಳ ಸುತ್ತ ಶುದ್ಧೀಕರಿಸಿದ ನೀರನ್ನು ಹರಿಸಿದರು. ಆ ನೀರು ಹೊತ್ತು ತಂದ ಬಿಸಿಯನ್ನು ಬೇರೊಂದು ನೀರಿಗೆ ದಾಟಿಸಿ, ಕಟ್ಟಡದ ಮುಂದಿನ ಕೊಳದಲ್ಲಿ ಕಾರಂಜಿಗಳಾಗಿ ಚಿಮ್ಮಿಸಿ ತಣಿಸಿದರು. ಶುದ್ಧ ನೀರೇ ಏಕೆಂದರೆ, ವಾಲ್ವಿನ ಲೋಹಕ್ಕೆ ಸಹಸ್ರಾರು ವೋಲ್ಟ್‌ಗಳ ವಿದ್ಯುತ್ ತಗಲಿರುತ್ತಿತ್ತು. ಲವಣ ಬೆರೆತ ಬಾವಿಯ ನೀರು ವಿದ್ಯುತ್ತಿಗೆ ದಾರಿಯಾಗುತ್ತದೆ. ಭಟ್ಟಿಯಿಳಿಸಿದ ನೀರು ಅಷ್ಟು ಸುಲಭವಾಗಿ ಆಗದು.

ನೀರು ಕೊಲ್ಲುವುದಿಲ್ಲ, ಹೊರುತ್ತದೆ

ನೀರು ಬಿಸಿಯನ್ನು ನಾಶಮಾಡುತ್ತದೆಂಬುದು ನಮ್ಮ ಸಾಮಾನ್ಯ ಭ್ರಮೆ. ಅದು ಕೇವಲ ಹಮಾಲಿ. ಒಂದೆಡೆ ಹೊತ್ತು ಇನ್ನೊಂದೆಡೆ ಇಳಿಸುತ್ತದೆ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ರೈತರಿಗೆ ಈ ತತ್ತ್ವ ಹೊಸದಲ್ಲ. ಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಬೆಂಕಿ ಒಂದೆಡೆ, ಎಲೆ ಇನ್ನೊಂದೆಡೆ. ನಡುವಣ ಲೋಹದ ಕೊಳವೆ ಹೊಗೆಯನ್ನು ಸೋಕಿಸದೆ ಶಾಖವನ್ನಷ್ಟೇ ಒಯ್ಯುತ್ತದೆ.

ಹಮಾಲಿಯಾಗಿ ನೀರು ಅಸಾಧಾರಣ ಬಲಶಾಲಿ. ಒಂದು ಲೀಟರ್ ಗಾಳಿ ಹೊರಬಲ್ಲ ಶಾಖಕ್ಕಿಂತ ಸುಮಾರು 3,500 ಪಾಲು ಹೆಚ್ಚನ್ನು ಒಂದು ಲೀಟರ್ ನೀರು ಹೊರುತ್ತದೆ. ನಿಮಿಷಕ್ಕೆ ಒಂದೇ ಲೀಟರ್ ಹರಿದರೂ 200 ವಾಟ್ ಶಾಖವನ್ನು ಹೊತ್ತು ತಾನು ಬಿಸಿಯಾಗುವುದು ಮೂರು ಡಿಗ್ರಿ ಮಾತ್ರ. ಆದರೆ ಹೊರೆಯನ್ನು ಇಳಿಸಲು ತಾವಿಲ್ಲದಿದ್ದರೆ? ಹದಿನೈದು ಲೀಟರಿನ ಒಂದು ಬಕೆಟ್ ನೀರನ್ನೇ ಸುತ್ತಿಸುತ್ತಿದ್ದರೆ ಅದು ಗಂಟೆಗೆ ಹನ್ನೊಂದು ಡಿಗ್ರಿಗೂ ಮಿಕ್ಕು ಕಾಯುತ್ತದೆ. ಯುದ್ಧಪರ್ವದ ಹೊತ್ತಿಗೆ ಸ್ನಾನಕ್ಕೆ ಸಿದ್ಧವಾಗಿರುತ್ತದೆ! ಆದ್ದರಿಂದಲೇ ರೇಡಿಯೇಟರ್ ಬೇಕು, ಅದರ ಹಿಂದೆ ಫ್ಯಾನೂ ಬೇಕು. ಗಾಳಿಯ ಋಣ ಕೊನೆಗೂ ಹರಿಯದು. ಆವಿಯಾಗುವ ನೀರಾದರೆ ಮಾತು ಬೇರೆ: ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಆವಿಯಾದರೆ ಒಂದು ಗಂಟೆಯ ಅಷ್ಟೂ ಬಿಸಿಯನ್ನು ಕೊಂಡೊಯ್ಯುತ್ತದೆ. ನಮ್ಮ ಮಣ್ಣಿನ ಹೂಜಿ ಬಲ್ಲ ವಿದ್ಯೆ ಇದು.

ಎರಡು ನಿಮಿಷದ ಆಯುಸ್ಸು

ಸ್ನೇಹಿತ ತಾಮ್ರದ ಕೊಳವೆಯನ್ನು ಬಾಗಿಸಿ ತಟ್ಟೆಗೆ ಬೆಸೆದ. ಈ ಬಗೆಯ ಟ್ರಾನ್ಸಿಸ್ಟರಿನ ಮೈಯಲ್ಲೇ ಅರವತ್ತೆಪ್ಪತ್ತು ವೋಲ್ಟ್ ಇರುವುದರಿಂದ ನಡುವೆ ಅಭ್ರಕದ ಹಾಳೆಯಿಟ್ಟು, ಶಾಖ ದಾಟಲು ಲೇಪ ಸವರಿದ. ಮೊದಲು ಅಲ್ಯೂಮಿನಿಯಂ ರೇಡಿಯೇಟರನ್ನು ತಂದಿದ್ದ. ಒಂದೇ ನೀರಿನಲ್ಲಿ ತಾಮ್ರವೂ ಅಲ್ಯೂಮಿನಿಯಮೂ ಕೂಡಿದರೆ ಎರಡನೆಯದು ಸವೆದು ತೂತಾಗುವುದೆಂದು ತಿಳಿದು ಅದನ್ನು ಹಿಂದಿರುಗಿಸಿದ. ನಾನು ಬರ್ಫ ಹಾಕಿದರೆ ಹೇಗೆಂದು ಕೇಳಿದೆ. “ಪೆಟ್ಟಿಗೆಯೊಳಗೇ ಇಬ್ಬನಿ ಕಟ್ಟಿಸಿ ಸುಡಬೇಕೇ?” ಎಂದು ನಕ್ಕ. ಶೀತಲ ತಂಬಿಗೆಯ ಹೊರಮೈ ಬೆವರುವುದನ್ನು ದಿನವೂ ಕಾಣುವ ನನಗೆ ಅದು ಹೊಳೆದಿರಲಿಲ್ಲ.

ನಾಲ್ಕು ಗಂಟೆಗಳ ಪರೀಕ್ಷೆಯಲ್ಲಿ ಯಂತ್ರ ಉಗುರುಬೆಚ್ಚಗೆ ನಿಂತಿತು. ನಮ್ಮ ಹರ್ಷಕ್ಕೆ ಮೇರೆಯಿಲ್ಲ. ಆಗಲೇ ಪಂಪಿನ ತಂತಿ ಕಳಚಿತು. ನೀರು ನಿಂತಿತು, ಸಂಗೀತ ನಿಲ್ಲಲಿಲ್ಲ. ಅರ್ಧ ಕಿಲೋ ಲೋಹದ ತಟ್ಟೆಗೆ 200 ವಾಟ್ ಬಿದ್ದರೆ, ಅದು ಅಲ್ಯೂಮಿನಿಯಮೇ ಆದರೂ, ಎರಡೂಕಾಲು ನಿಮಿಷದಲ್ಲಿ ಅರವತ್ತು ಡಿಗ್ರಿ ಏರುತ್ತದೆ. ತಾಮ್ರವಾದರೆ ಒಂದೇ ನಿಮಿಷ. ಗಾಳಿಯಿಂದ ತಣಿಯುವ ಐದು ಕಿಲೋ ರೆಕ್ಕೆಯ ಲೋಹವಾದರೆ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಕಾಲಾವಕಾಶ ಕೊಡುತ್ತಿತ್ತು. ಸ್ನೇಹಿತ ಸ್ವಿಚ್ಚಿಗೆ ಹಾರಿದ. ಅವನ ಕೈ ನೀರಿನಿಂದ ತೊಯ್ದಿತ್ತು. “ಒದ್ದೆ ಕೈ!” ಎಂದು ನಾನು ಕೂಗಿದೆ. ಅವನು ತಡೆದು, ಟವಲಿನಿಂದ ಕೈಯೊರೆಸಿ ಆರಿಸಿದ. ಟ್ರಾನ್ಸಿಸ್ಟರುಗಳು ಹೋದವು, ಅವನು ಉಳಿದ. ಒಳಗಿನಿಂದ ಅವನ ಪತ್ನಿ ಬಾಗಿಲಲ್ಲಿ ಬಂದು ನಿಂತಿದ್ದರು. ಯಾರೂ ಮಾತನಾಡಲಿಲ್ಲ.

ಅನಂತರ ಅವನು ಕಾವೇರಿದೊಡನೆ ತಾನೇ ವಿದ್ಯುತ್ ಕಡಿಯುವ ಉಷ್ಣಸ್ವಿಚ್ಚನ್ನೂ, ಸೋರಿಕೆಯನ್ನು ಹಿಡಿಯುವ ಭೂಸಂಪರ್ಕ ರಕ್ಷಕವನ್ನೂ ಜೋಡಿಸಿದ. ನೀರಿನ ಸಾಹಸಕ್ಕೆ ಕೈಹಾಕುವವರು ಮೊದಲು ಕೊಳ್ಳಬೇಕಾದುವು ಇವೆರಡೇ, ಕೊಳವೆ ಆಮೇಲೆ.

ಅರ್ಧದಷ್ಟು ಸಾಕು

ಬಳಿಕ ಅವನು ಇನ್ನೊಂದು ಲೆಕ್ಕ ಹಾಕಿದ. 500 ವಾಟನ್ನು 250ಕ್ಕೆ ಇಳಿಸಿದರೆ ಕಿವಿಗೆ ಆಗುವ ನಷ್ಟ ಮೂರೇ ಡೆಸಿಬೆಲ್. ಸಭಿಕರಿಗೆ ಅದು ತಿಳಿಯುವುದೇ ಕಷ್ಟ. ಸದ್ದು ಇಮ್ಮಡಿಯಾದಂತೆ ತೋರಬೇಕಾದರೆ ಶಕ್ತಿ ಹತ್ತುಪಟ್ಟು ಏರಬೇಕು. ಆದರೆ ಯಂತ್ರವನ್ನೇ ಕಡಮೆ ವೋಲ್ಟಿನಲ್ಲಿ ಕಟ್ಟಿದರೆ ಗರಿಷ್ಠ ಶಾಖ ನೇರವಾಗಿ ಅರ್ಧಕ್ಕೆ ಇಳಿಯುತ್ತದೆ. ಕಳೆದುಕೊಂಡ ಆ ಮೂರು ಡೆಸಿಬೆಲ್‌ಗಳನ್ನು ದಕ್ಷತೆಯುಳ್ಳ ಹಾರ್ನಿನಿಂದ ಮರಳಿ ಪಡೆಯಬಹುದು. ಇಂದಿನ ‘ಕ್ಲಾಸ್ ಡಿ’ ಮಾದರಿಯಲ್ಲಾದರೋ ತೊಂಬತ್ತು ಪಾಲಿಗೂ ಮಿಕ್ಕು ಶಕ್ತಿ ಧ್ವನಿಪೆಟ್ಟಿಗೆಯನ್ನೇ ಸೇರುವುದರಿಂದ ತಣಿಸುವ ಪ್ರಶ್ನೆಯೇ ಸಣ್ಣದಾಗುತ್ತದೆ.

ಮರುವರ್ಷ ಅದೇ ಗ್ರಾಮಕ್ಕೆ ಅವನು ಒಯ್ದದ್ದು 250 ವಾಟ್‌ನ ಪೆಟ್ಟಿಗೆ. ಬೆನ್ನಿಗೆ ಅಗಲವಾದ ಲೋಹದ ರೆಕ್ಕೆಗಳು, ನೀರಿನ ಹನಿಯೂ ಇಲ್ಲ. ದುರ್ಯೋಧನ ಮುಂಜಾನೆಯವರೆಗೂ ಅಬ್ಬರಿಸಿದ. ಸದ್ದು ತಗ್ಗಿತೆಂದು ಒಬ್ಬರೂ ದೂರಲಿಲ್ಲ.

ನೀರಿನ ಯಂತ್ರ ಈಗಲೂ ಅವನ ಅಂಗಡಿಯ ಮೂಲೆಯಲ್ಲಿದೆ. ವಿದ್ಯಾರ್ಥಿಗಳು ಬಂದರೆ ಅದನ್ನು ಅಭಿಮಾನದಿಂದ ನಡೆಸಿ ತೋರಿಸುತ್ತಾನೆ. ಸ್ವಿಚ್ಚಿನ ಪಕ್ಕದ ಮೊಳೆಗೆ ಒಂದು ಒಣ ಟವಲು ಯಾವಾಗಲೂ ತೂಗುತ್ತಿರುತ್ತದೆ. ಅದನ್ನು ಅಲ್ಲಿ ತೂಗುಹಾಕಿದವರು ಅವನ ಪತ್ನಿ.